ಸರ್ಕಾರದ ಕಾಲುಚೀಲಗಳು

"ಮುಟ್ಬೇಡ. ಅದು ಸರ್ಕಾರದ್ದು."

"ಕಾಲುಚೀಲನಾ?"

"ಕಾಲುಚೀಲ, ಅದರೊಳಗಿದ್ದ ಗಿಡ, ಗಿಡ ತುಂಬಿದ್ದ ಡಬ್ಬ, ಡಬ್ಬ ತಂದ ವ್ಯಾನು, ಎಲ್ಲಾ ಸರ್ಕಾರದ್ದೇ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಬಾಯಿ ಬಿಟ್ಕೊಂಡು ನಿಂತಿದ್ರೆ ನಿನ್ನೂ ಜಪ್ತಿ ಮಾಡ್ತಾರೆ."

"ಆಮೇಲೆ ನನ್ನ ಯಾರು ಸಾಕ್ತಾರೆ?"

"ಇನ್ಯಾರು, ನಾನೇ. ವಾರಕ್ಕೊಂದು ಚಮಚ ನೀರು ಹಾಕ್ತೀನಿ."

ಹಾಗೆಂದು ದೊಡ್ಡತ್ತೆ ಮತ್ತೆ ಬ್ರಶ್ ಎತ್ತಿಕೊಂಡರು. ಚಿತ್ರ ಬಿಡಿಸುವ ಮೆತ್ತನೆ ಕೂದಲಿನ ಬ್ರಶ್ ಅದು, ಅದರಿಂದ ಅವರು ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಒಂದು ಗಿಡದ ನೆತ್ತಿಯ ಧೂಳು ಒರೆಸುತ್ತಿದ್ದರು. ಗಿಡ ಅಂತ ಅವರು ಹೇಳಿದ್ದಕ್ಕೆ ನಾನು ನಂಬಿದೆ. ನೋಡಿದರೆ ಬೆಣಚುಕಲ್ಲು, ಮಧ್ಯದಲ್ಲಿ ಮುಚ್ಚಿದ ತುಟಿಯಂತೆ ಒಂದು ಸೀಳು, ಅಷ್ಟೇ. ಅಂಥವು ಸ್ಟೀಲ್ ರ‍್ಯಾಕುಗಳ ತುಂಬ ಸಣ್ಣ ಸಣ್ಣ ಕುಂಡಗಳಲ್ಲಿ ಸಾಲಾಗಿ ಕೂತಿದ್ದವು, ಒಂದೊಂದರ ಕುತ್ತಿಗೆಗೂ ಒಂದೊಂದು ಚೀಟಿ. ಆದರೆ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು ಅವನ್ನಲ್ಲ. ಗಾಜಿನ ಮನೆಯ ಈ ತುದಿಯಿಂದ ಆ ತುದಿಗೆ ನೈಲಾನ್ ಹಗ್ಗ ಕಟ್ಟಿತ್ತು, ಆ ಹಗ್ಗದ ಉದ್ದಕ್ಕೂ ಕಾಲುಚೀಲ. ಬೂದು ನೀಲಿ ಉಲ್ಲನ್ನಿನವು, ಆಗಷ್ಟೇ ನಡೆಯಲು ಕಲಿತ ಮಗುವಿನ ಕಾಲಿಗೆ ಆಗುವಂಥವು. ಮೂಲೆಯ ಫ್ಯಾನು ತಿರುಗುತ್ತಾ ಇತ್ತ ಬಂದಾಗ ಅವೆಲ್ಲ ಒಟ್ಟಿಗೆ ಒಂದು ಹೆಜ್ಜೆ ಮುಂದಿಡುತ್ತಿದ್ದವು, ಅತ್ತ ಹೋದಾಗ ಒಂದು ಹೆಜ್ಜೆ ಹಿಂದೆ. ಕಾಲಿಲ್ಲದ ಮಕ್ಕಳ ಒಂದು ಇಡೀ ಸ್ಕೂಲು ಗಾಳಿಯಲ್ಲಿ ಪರೇಡು ಮಾಡುತ್ತಿದ್ದ ಹಾಗೆ.

ದೊಡ್ಡತ್ತೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ "ಬಟ್ಟೆ ಒಗೆದು ಪುರುಸೊತ್ತಾಗ್ಲಿಲ್ಲ" ಅನ್ನುತ್ತಾರೆ, ಅದು ಅರ್ಧ ನಿಜವೂ ಹೌದು, ಯಾಕೆಂದರೆ ವಯಸ್ಸಿನ ಮುಕ್ಕಾಲು ಪಾಲು ಅವರು ಹೆರಿಗೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕಳೆದವರು. ಕೂಸುಗಳ ಟೋಪಿ, ಕೂಸುಗಳ ಹೊದಿಕೆ, ಕೂಸುಗಳ ಕಾಲುಚೀಲ. ಕುದಿನೀರಿನಿಂದ ಅವರ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ಆಫೀಸಿನ ಹಾಜರಿ ಮಷಿನ್ನು ಅವರ ಬೆರಳನ್ನು ಗುರುತಿಸುವುದೇ ಇಲ್ಲ, ಆದ್ದರಿಂದ ಇಡೀ ಇಲಾಖೆಯಲ್ಲಿ ಅವರೊಬ್ಬರಿಗೆ ಮಾತ್ರ ಸಹಿ. ಆಸ್ಪತ್ರೆಯಿಂದ ನಿವೃತ್ತರಾಗಿ ಮನೆಯಲ್ಲಿ ಕೂರಲಾಗದೆ ಈ ಕೆಲಸ ಹಿಡಿದರು. ಕೆಲಸ ಏನೆಂದು ಅವರು ಫೋನಿನಲ್ಲಿ ಹೇಳಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಗುರುವಾರ ಮಧ್ಯಾಹ್ನದ ಮೇಲೆ ನನಗೆ ಕ್ಲಾಸಿಲ್ಲ, ಪ್ರತಿ ಗುರುವಾರ ಬರುತ್ತೇನೆ ಅಂತ ಅಲ್ಲೇ ಹೇಳಿಬಿಟ್ಟೆ.

ಕೆಲಸ ಇಷ್ಟು. ದೂರದ ಯಾವುದೋ ಕಲ್ಲುಬಯಲಿನಿಂದ ಈ ಗಿಡಗಳನ್ನು ಕಿತ್ತು ತರುತ್ತಾರೆ. ಒಂದೊಂದೂ ಇಷ್ಟಾಗಲು ನನ್ನ ವಯಸ್ಸಿಗಿಂತ ಹೆಚ್ಚು ಕಾಲ ಬೇಕು. ಕಿಟಕಿಯಲ್ಲಿಟ್ಟು ಸಾಕುವ ಶೋಕಿದಾರರು ಪ್ರಪಂಚದ ತುಂಬ ಇದ್ದಾರೆ, ಅವರಿಗೆ ಕದ್ದು ಕಳಿಸುವವರೂ ಇದ್ದಾರೆ. ಹಾಗೆ ಕಳಿಸುವಾಗ ಒಬ್ಬನನ್ನು ಹಿಡಿದರು. ಎಲ್ಲರೂ ಅವನನ್ನು ಪಾರ್ಸಲ್‌ನವನು ಅಂತಲೇ ಕರೆಯುವುದು. ಅವನು ಗಿಡಗಳನ್ನು ಮಕ್ಕಳ ಕಾಲುಚೀಲದೊಳಗೆ ತೂರಿಸಿ, ಮಕ್ಕಳ ಬಟ್ಟೆ ಅಂತ ಬರೆದು ಕಳಿಸುತ್ತಿದ್ದ. ಜಪ್ತಿಯಾದ ವ್ಯಾನು ಹೊರಗೆ ಅಂಗಳದಲ್ಲಿ ಟೈರಿಲ್ಲದೆ ನಿಂತಿದೆ. ಕೋರ್ಟು ತೀರ್ಪು ಕೊಡುವ ತನಕ ವ್ಯಾನು ತುಕ್ಕು ಹಿಡಿದರೆ ಪರವಾಗಿಲ್ಲ, ಗಿಡ ಮಾತ್ರ ಸಾಯುವಂತಿಲ್ಲ. ಅದಕ್ಕೇ ದೊಡ್ಡತ್ತೆ. ಅಪರಾಧ ಸಾಬೀತಾದರೆ ಮುಟ್ಟುಗೋಲು. ಅಂದರೆ ಗಿಡ, ವ್ಯಾನು, ಗೋದಾಮು, ಆ ವ್ಯಾಪಾರಕ್ಕೆ ಜಾಗ ಕೊಟ್ಟ ಯಾವುದೇ ಮನೆ, ಎಲ್ಲವೂ ಖಾಯಮ್ಮಾಗಿ ಸರ್ಕಾರದ ಪಾಲು.

"ಇವರಿಗೆ ಜಾಮೀನೂ ಇಲ್ಲ, ಲಾಯರೂ ಇಲ್ಲ" ಅಂದರು ದೊಡ್ಡತ್ತೆ, ಬ್ರಶ್ಶಿನಿಂದ ಒಂದು ಗಿಡದ ತಲೆ ತಟ್ಟಿ. "ತಪ್ಪು ಮಾಡಿದೋನು ಜಾಮೀನಿನ ಮೇಲೆ ಆರಾಮಾಗಿ ಓಡಾಡ್ತಿದಾನೆ. ಪಾಪದವು ಒಳಗೆ."

ನಾನು ನಕ್ಕೆ. ಅವರು ನಗಲಿಲ್ಲ. ಅವರ ಕಣ್ಣು ಹಗ್ಗದ ಮೇಲಿತ್ತು. ಫ್ಯಾನು ಇತ್ತ ತಿರುಗಿತು, ಮರದ ಕ್ಲಿಪ್ಪುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಅಂದವು. ದೊಡ್ಡತ್ತೆ ಎದ್ದು ಹೋಗಿ ರೇಡಿಯೋ ಹಾಕಿದರು. ಯಾವುದೋ ಕೃಷಿ ವಾರ್ತೆ, ಯಾರಿಗೂ ಬೇಡದ್ದು.

"ಕೇಳ್ತೀರಾ ಇದನ್ನ?"

"ಇಲ್ಲ. ಅದನ್ನ ಕೇಳಬಾರ್ದು ಅಂತ ಇದನ್ನ ಹಾಕೋದು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಈ ಕೇಸಿನ ಅಧಿಕಾರಿ ಬಂದರು. ದೊಡ್ಡತ್ತೆ ಅವರಿಗಿಟ್ಟ ಹೆಸರು ಅರಗಿನ ಸಾಹೇಬರು, ಯಾಕೆಂದರೆ ಅವರ ಜೇಬಿನಲ್ಲಿ ಯಾವಾಗಲೂ ಮೊಹರು ಹಾಕುವ ಕೆಂಪು ಅರಗಿನ ಒಂದು ಕಡ್ಡಿ ಇರುತ್ತದೆ, ಬಿಸಿಲಲ್ಲಿ ಅದು ಕರಗಿ ಶರ್ಟಿನ ಜೇಬು ಗಾಯವಾದ ಹಾಗೆ ಕಾಣುತ್ತದೆ. ಒಳ್ಳೆಯ ಮನುಷ್ಯ, ಧ್ವನಿ ಏರಿಸುವವರಲ್ಲ. ಅವರು ಹಗ್ಗ ನೋಡಿ ಅಲ್ಲೇ ನಿಂತುಬಿಟ್ಟರು.

"ಅಮ್ಮಾ, ಇದೇನಿದು?"

"ಒಗೆದು ಹಾಕಿದೀನಿ ಸಾರ್. ಮಣ್ಣು ಕಚ್ಕೊಂಡಿತ್ತು, ಬೂಸಲು ಬರ್ತಿತ್ತು. ಬೂಸಲು ಗಿಡಕ್ಕೆ ಹತ್ತಿದ್ರೆ ಒಂದೂ ಉಳಿಯಲ್ಲ."

"ಎಲ್ಲಾನೂ ಒಗೆದ್ರಾ?"

"ಎಲ್ಲಾನೂ. ಬಾರ್ ಸೋಪಲ್ಲಿ, ಎರಡೆರಡು ಸಲ."

ಸಾಹೇಬರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಆ ಮಣ್ಣೇ ಸಾಕ್ಷಿಯಾಗಿತ್ತಂತೆ. ಅದನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಗಿಡ ಯಾವ ಬೆಟ್ಟದ ಯಾವ ಮಗ್ಗುಲಿನದು ಅಂತ ಹೇಳುತ್ತಿದ್ದರಂತೆ, ಪಾರ್ಸಲ್‌ನವನ ಹಿಂದಿರುವ ದೊಡ್ಡ ಕುಳಗಳತ್ತ ದಾರಿ ಸಿಗುತ್ತಿತ್ತಂತೆ. ಗಿಡದ ಬೇರಿನ ಮಣ್ಣನ್ನು ಅವನು ಮೊದಲೇ ತೊಳೆದಿದ್ದ. ಉಳಿದಿದ್ದು ಕಾಲುಚೀಲದೊಳಗಿನ ಧೂಳು ಮಾತ್ರ. ಅದೀಗ ಚರಂಡಿಯಲ್ಲಿ.

"ನಾನು ಹೇಳಿರ್ಲಿಲ್ಲ, ಅದು ನಂದೇ ತಪ್ಪು" ಅಂದರು ಸಾಹೇಬರು ಕೊನೆಗೆ. "ಆಸ್ಪತ್ರೆಯಿಂದ ಬಂದೋರು ಒಗೀದೆ ಇರ್ತಾರಾ." ಅವರು ಎದ್ದು ಒಂದು ಕಾಲುಚೀಲವನ್ನು ಕ್ಲಿಪ್ಪಿನಿಂದ ಬಿಡಿಸಿ ಬೆಳಕಿಗೆ ಹಿಡಿದರು. "ಈಗ ಉಳಿದಿರೋದು ಇದೊಂದೇ. ನೂಲು, ಮತ್ತೆ ಹೆಣಿಗೆ. ಯಾರೋ ಕೂತು ಹೆಣೆದಿದಾರಲ್ಲ. ಅವರನ್ನ ಹಿಡಿದ್ರೆ ಅವನು ಯಾರ ಮನೇಲಿ ಕೂತು ಪ್ಯಾಕ್ ಮಾಡ್ತಿದ್ದ ಅಂತ ಗೊತ್ತಾಗುತ್ತೆ."

ದೊಡ್ಡತ್ತೆಯ ಮುಖ ಆಗ ಹೇಗಾಯಿತೆಂದರೆ, ಒಗೆದ ಬಟ್ಟೆಯನ್ನು ಹಿಂಡಿ ಬಿಟ್ಟ ಹಾಗೆ. ಸಾಕ್ಷಿ ಒಗೆದುಹಾಕಿದ್ದಕ್ಕೆ ಬೇಜಾರು ಅಂದುಕೊಂಡು ನಾನು ದಾರಿಯುದ್ದಕ್ಕೂ ಅವರಿಗೆ ಸಮಾಧಾನ ಹೇಳುವ ಮೆಸೇಜು ಟೈಪು ಮಾಡುತ್ತಾ ಬಸ್ಸಿನಲ್ಲಿ ಬಂದೆ.

ಮುಂದಿನ ಗುರುವಾರ ಹೋದಾಗ ರೇಡಿಯೋದ ಧ್ವನಿ ಹೊರಗಿನ ವ್ಯಾನಿನ ತನಕ ಕೇಳುತ್ತಿತ್ತು. ಒಳಗೆ ದೊಡ್ಡತ್ತೆ ಕೆಲಸ ಮಾಡದೆ ಕೂತಿದ್ದರು. ಅವರು ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಉಲ್ಲನ್ ಅಜ್ಜಿ ಅಂಗಡಿಗೆ ಬೀಗ ಹಾಕಿ ಅರಗು ಮೆತ್ತಿದಾರೆ" ಅಂದರು.

ಉಲ್ಲನ್ ಅಜ್ಜಿಯನ್ನು ಊರಿನಲ್ಲಿ ಯಾರಿಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ, ನೆಲದಿಂದ ಸೂರಿನ ತನಕ ನೂಲಿನ ಉಂಡೆ, ನಡುವೆ ಅಜ್ಜಿ. ಆ ಬೂದು ನೀಲಿ ನೂಲು ಅವರ ಅಂಗಡಿಯದೇ ಅಂತ ಸಾಬೀತಾಗಿತ್ತು. ಯಾರಿಗೆ ಮಾರಿದಿರಿ ಅಂತ ಕೇಳಿದರೆ "ಚಳಿ ಆದೋರಿಗೆಲ್ಲ" ಅಂದರಂತೆ. ಅಂಗಡಿಯ ಹಿಂದೆಯೇ ಅವರ ಮನೆ. ಪಾರ್ಸಲ್‌ನವನ ವ್ಯವಹಾರ ಅಲ್ಲೇ ನಡೆದಿತ್ತು ಅಂತ ಕೋರ್ಟು ಒಪ್ಪಿದರೆ ಅಂಗಡಿ, ಮನೆ ಎರಡೂ ಮುಟ್ಟುಗೋಲು.

"ಅವರೇ ಹೆಣೆದಿದ್ದಾ ಇವನ್ನ?"

"ಅವಳಿಗೆ ಹೆಣಿಗೆ ಬಂದಿದ್ರೆ ಅಂಗಡಿ ಯಾಕೆ ಇಡ್ತಿದ್ಲು? ಮಾರೋಕೆ ಮಾತ್ರ ಬರುತ್ತೆ ಅವಳಿಗೆ." ಅಷ್ಟು ಹೇಳಿ ದೊಡ್ಡತ್ತೆ ಬಾಗಿಲ ಕಡೆ ನೋಡಿದರು, ರೇಡಿಯೋ ಇನ್ನಷ್ಟು ಜೋರು ಮಾಡಿದರು. ಹಗ್ಗದಿಂದ ಒಂದು ಕಾಲುಚೀಲ ಬಿಡಿಸಿ, ಸರ್ಕಾರದ್ದು ಅನ್ನುವುದನ್ನೇ ಮರೆತು, ನನ್ನ ಕೈಗೆ ಕೊಟ್ಟರು. "ಒಳಗನ್ನ ಹೊರಗೆ ಮಾಡು. ಬೆರಳಿನ ತುದಿ ನೋಡು."

ತಿರುವಿ ಹಾಕಿದೆ. ಬೆರಳು ಬರುವ ತುದಿಯಲ್ಲಿ ಹೆಣಿಗೆ ಮುಗಿದ ಕಡೆ, ಕತ್ತರಿಸಿ ಗಂಟು ಹಾಕಬೇಕಾದ ನೂಲು ಗಂಟಾಗಿರಲಿಲ್ಲ. ಬಸವನಹುಳದ ಹಾಗೆ ತನ್ನ ಸುತ್ತ ತಾನೇ ಸುತ್ತಿಕೊಂಡು, ಚಪ್ಪಟೆಯಾಗಿ, ಬೆರಳಿಗೆ ತಾಗಿಯೂ ತಾಗದಂತೆ ಒಳಗೆ ಮಲಗಿತ್ತು.

"ಗಂಟು ಮಗೂಗೆ ಚುಚ್ಚುತ್ತೆ, ನೂಲನ್ನ ಮಲಗಿಸಬೇಕು ಅಂತಿದ್ಲು ನಮ್ಮಮ್ಮ" ಅಂದರು. "ಹೆಣೆದು ಹೆಣೆದು ನಮ್ಮನ್ನ ಸಾಕಿದ್ದು ಅವಳು. ಸುತ್ತೋದು ಕಲಿಯೋಕೆ ನಮಗೆ ಒಂದು ಇಡೀ ಚಳಿಗಾಲ ಬೇಕಾಯ್ತು. ಬೇರೆ ಯಾರಿಗೂ ಹೇಳಿಕೊಡ್ಲಿಲ್ಲ. ಕೇಳಿದ್ರೆ, ನನ್ನ ಹೊಟ್ಟೇಲಿ ಹುಟ್ಟಿದೋರಿಗೆ ಮಾತ್ರ ಅಂತಿದ್ಲು. ನಿಮ್ಮಪ್ಪನಿಗೂ ಹೇಳಿಕೊಡೋಕೆ ನೋಡಿದ್ಲು, ಅವನು ಸೂಜಿಯಿಂದ ಬೆನ್ನು ಕೆರ್ಕೊಳ್ತಿದ್ದ."

ನಾನು ಕಾಲುಚೀಲದೊಳಗೆ ಬೆರಳು ಹಾಕಿಕೊಂಡೇ ಕೂತಿದ್ದೆ.

"ಡಬ್ಬ ಬಂದ ದಿನ ಗಿಡ ತೆಗೆದು, ಚೀಲ ತಿರುವಿ ಕೊಡವಿದೆ. ಕೊಡವಿ ನೋಡ್ತೀನಿ, ಅಮ್ಮನ ಕೈ. ಅಮ್ಮ ಹೋಗಿ ಎಷ್ಟು ಕಾಲ ಆಯ್ತು. ಇಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಲ್ಲಿಂದ ಬಂದ್ಲಪ್ಪ ಇವಳು ಅಂತ. ಇನ್ನೊಂದು ತಿರುವಿದೆ, ಅದ್ರಲ್ಲೂ ಅಮ್ಮ. ಮತ್ತೊಂದು, ಅದ್ರಲ್ಲೂ. ಇಂಥ ಹೊತ್ತಲ್ಲಿ ನಂಗೆ ಬರೋದು ಒಂದೇ, ನೀರು ಕಾಯಿಸಿ ಒಗೆಯೋಕೆ ಶುರು ಮಾಡಿದೆ."

ಆ ಮಾತಿನ ಅರ್ಥ ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರಮ್ಮ ಅಂದರೆ ನನ್ನ ಅಜ್ಜಿ, ಅವರು ಈಗಿಲ್ಲ. ಆ ನೂಲು ಮಲಗಿಸುವುದು ಬರುವವರು ಇನ್ನಿಬ್ಬರೇ. ಒಬ್ಬರು ನನ್ನೆದುರಿಗೇ ಕೂತಿದ್ದರು. ಇನ್ನೊಬ್ಬರು ನಮ್ಮಪ್ಪನ ತಂಗಿ, ನನ್ನ ಚಿಕ್ಕತ್ತೆ.

ಬಾಗಿಲು ತಳ್ಳಿದ ಸದ್ದಾಯಿತು. ದೊಡ್ಡತ್ತೆ ನನ್ನ ಬೆರಳಿನಿಂದ ಕಾಲುಚೀಲ ಎಳೆದುಕೊಂಡು ಹಗ್ಗಕ್ಕೆ ಸಿಕ್ಕಿಸಿದರು. ಅರಗಿನ ಸಾಹೇಬರು. ಅವರು ರೇಡಿಯೋ ಸಣ್ಣ ಮಾಡಿ, ನಯವಾಗಿಯೇ ಕೇಳಿದರು.

"ಅಮ್ಮಾ, ನಿಮಗೆ ಹೆಣಿಗೆ ಬರುತ್ತಂತಲ್ಲ. ಇದು ಮಷಿನ್ನಾ, ಕೈಯಾ?"

"ಕೈ."

"ಯಾರ ಕೈ ಅಂತ ಹೇಳೋಕಾಗುತ್ತಾ?"

ಫ್ಯಾನು ಅತ್ತ ಹೋಗಿ ಇತ್ತ ಬಂತು. ಚೀಲಗಳು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ.

"ನಮ್ಮಮ್ಮನ ಕೈ" ಅಂದರು ದೊಡ್ಡತ್ತೆ.

ಸಾಹೇಬರು ನಕ್ಕರು. "ನಿಮ್ಮ ತಾಯಿ ಎಲ್ಲಿದಾರೆ?"

"ತೀರ್ಕೊಂಡಿದಾರೆ."

"ಹಾಗಾದ್ರೆ ಅವರ ಮನೆಗೆ ಅರಗು ಹಾಕೋಕಾಗಲ್ಲ." ಅವರಿಗೆ ಅದು ತಮಾಷೆ. ಮುಂದಿನ ವಾರ ಅಲ್ಲ, ಅದರ ಮುಂದಿನ ಗುರುವಾರ ಬೇರೆ ಊರಿನಿಂದ ಹೆಣಿಗೆ ಗೊತ್ತಿರುವವರೊಬ್ಬರನ್ನು ಕರೆತರುತ್ತೇನೆ, ಊರಿನಲ್ಲಿ ಹೆಣೆಯುವವರೆಲ್ಲರ ಕೆಲಸ ತೋರಿಸಿ ಹೋಲಿಸಿ ನೋಡಿಸುತ್ತೇನೆ, ಅಲ್ಲಿಯ ತನಕ ಅಜ್ಜಿಯ ಅಂಗಡಿ ಮುಚ್ಚಿಯೇ ಇರುತ್ತದೆ ಅಂದು ಹೋದರು.

ಹೋದ ಮೇಲೆ ನಾನೇ ಮಾತು ಶುರು ಮಾಡಿದೆ. ಚಿಕ್ಕತ್ತೆಗೆ ಗೊತ್ತಿರಲಿಕ್ಕಿಲ್ಲ, ಮಕ್ಕಳ ಅಂಗಡಿಗೆ ಅಂತ ಆರ್ಡರ್ ತಗೊಂಡಿರುತ್ತಾರೆ, ಗೊತ್ತಿಲ್ಲದೆ ಮಾಡಿದರೆ ತಪ್ಪೇನು, ಹಾಗಂತ ಹೇಳಿದರೆ ಆಯಿತಲ್ಲ, ಅಂತ ಒಂದೇ ಉಸಿರಿನಲ್ಲಿ ಹೇಳುತ್ತಲೇ ಇದ್ದೆ. ದೊಡ್ಡತ್ತೆ ನನ್ನ ಮಾತು ಮುಗಿಯುವ ತನಕ ಕಾದರು. ಆಮೇಲೆ ಹಗ್ಗದಲ್ಲಿದ್ದ ಒಂದು ಚೀಲದ ಹಿಮ್ಮಡಿಯನ್ನು ಎರಡು ಬೆರಳಲ್ಲಿ ಅಗಲಿಸಿ ತೋರಿಸಿದರು.

ಹಿಮ್ಮಡಿಯಲ್ಲಿ ತೂತುಗಳಿದ್ದವು. ಹರಿದದ್ದಲ್ಲ, ತಪ್ಪಿದ ಕುಣಿಕೆಯೂ ಅಲ್ಲ. ಎಣಿಸಿ ಬಿಟ್ಟ, ಅಂದವಾದ ಸಣ್ಣ ಸಣ್ಣ ಕಿಟಕಿಗಳು.

"ಚಳೀಗೆ ಹಾಕೋ ಕಾಲುಚೀಲಕ್ಕೆ ಹಿಮ್ಮಡೀಲಿ ಕಿಟಕಿ ಯಾರು ಬಿಡ್ತಾರೆ? ಅಮ್ಮ ಇದ್ದಿದ್ರೆ ಸೂಜಿಲಿ ಕೈ ಮೇಲೆ ಹೊಡೀತಿದ್ಲು." ದೊಡ್ಡತ್ತೆ ಚೀಲ ಬಿಟ್ಟರು. "ಅಮ್ಮನ ಕೈ ಅಂದುಕೊಂಡಾಗ ಹೆದರಿಕೆ ಆಯ್ತು. ಇದನ್ನ ನೋಡಿದ್ಮೇಲೆ, ಅಮ್ಮನ ಕೈಯೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸುತ್ತೆ." ಬ್ರಶ್ ಎತ್ತಿಕೊಂಡು ಮತ್ತೆ ಹೇಳಿದರು. "ಮುಂದಿನ ವಾರ ಬರ್ತಾ ಅವಳನ್ನ ಕರ್ಕೊಂಡು ಬಾ. ಗಿಡ ಹೂ ಬಿಡೋ ಹಾಗಿದೆ, ನೋಡ್ಲಿ ಅಂತ ಹೇಳು. ಬೇರೆ ಏನೂ ಹೇಳ್ಬೇಡ."

ಚಿಕ್ಕತ್ತೆಯ ಮನೆ ನನಗೆ ತುಂಬ ಇಷ್ಟ. ಬಸ್ ಡ್ರೈವರ್ ಆಗಿದ್ದ ಚಿಕ್ಕಮಾವ ಬದುಕಿದ್ದಾಗ ಇಬ್ಬರೂ ಸೇರಿ ಒಂದೊಂದೇ ಕೋಣೆ ಎಬ್ಬಿಸಿ ಕಟ್ಟಿದ್ದು, ಹಾಗಾಗಿ ಒಂದು ಕೋಣೆಯ ನೆಲ ಇನ್ನೊಂದಕ್ಕಿಂತ ಒಂದು ಗೇಣು ಮೇಲಿದೆ, ಅಭ್ಯಾಸ ಇಲ್ಲದವರು ಎಡವುತ್ತಾರೆ. ಚಿಕ್ಕಮಾವ ಪ್ರತಿ ಹೊಸಿಲಿನ ಹತ್ತಿರವೂ "ಸ್ಟಾಪ್" ಅಂತ ಪೇಂಟಿನಲ್ಲಿ ಬರೆದಿದ್ದರು, ಅದು ಇನ್ನೂ ಇದೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಚಿಕ್ಕತ್ತೆಯ ಕುರ್ಚಿ. ಆ ಗುರುವಾರ ನಾನು ಹೋದಾಗ ಗೋಡೆಯ ಪಕ್ಕ, ನೆಲದ ಮೇಲೆ, ಚೌಕಾಕಾರದಲ್ಲಿ ಬಣ್ಣ ಬೇರೆಯಿದ್ದ ಒಂದು ಜಾಗ ಕಂಡಿತು. ತುಂಬ ದಿನ ಡಬ್ಬಗಳು ಕೂತು ಎದ್ದು ಹೋದ ಗುರುತು.

"ಹೂ ಬಿಡ್ತಾವಂತೆ, ನೋಡೋಕೆ ಬರ್ಬೇಕಂತೆ" ಅಂದೆ.

ಚಿಕ್ಕತ್ತೆ ಸೂಜಿ ಕೆಳಗಿಟ್ಟರು. "ಎಷ್ಟು ಉಳಿದವಂತೆ?" ಅಂತ ಕೇಳಿದರು.

ಕೇಳಿದ ಮೇಲೆ, ತಮ್ಮ ಬಾಯಿಂದಲೇ ಗುಟ್ಟು ಜಾರಿತಲ್ಲ ಅನ್ನುವ ಹಾಗೆ ತಲೆ ಬಗ್ಗಿಸಿದರು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡರು. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಹೋಗುವುದು ಬೇಡ, ದೂರವಾದರೂ ಸರಿ ಆ ಕಡೆಯಿಂದ ಹೋಗೋಣ ಅಂದರು. ಆದರೆ ಆ ಕಡೆ ರಸ್ತೆ ಅಗೆದಿದ್ದರು. ಓಣಿಯಿಂದಲೇ ಹೋದೆವು. ಉಲ್ಲನ್ ಅಜ್ಜಿ ಬೀಗ ಹಾಕಿದ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು, ಅಂಗಡಿ ತೆರೆದಿದ್ದಾಗ ಹೇಗೆ ಕೂರುತ್ತಿದ್ದರೋ ಹಾಗೇ. ನಮ್ಮನ್ನು ನೋಡಿ ಕೈ ಎತ್ತಿದರು.

"ಬಾರಮ್ಮ, ಇವತ್ತು ಒಳಗೆ ಕರೆಯೋ ಹಾಗಿಲ್ಲ. ನಿನ್ನ ಬೂದು ನೀಲಿ ಬಂದಿದೆ, ಒಳಗೇ ಇದೆ. ಬಾಗಿಲು ತೆಗೆದ ಕೂಡ್ಲೇ ನಿಂಗೇ ಎತ್ತಿಡ್ತೀನಿ."

ಅವರು ಅಷ್ಟು ಸಹಜವಾಗಿ ಅಂದರು. ಸಾಹೇಬರಿಗೆ ಯಾರ ಹೆಸರನ್ನೂ ಅವರು ಹೇಳಿರಲಿಲ್ಲ, ಹೇಳಬೇಕೆಂದೂ ಅವರಿಗೆ ತೋಚಿದಂತಿರಲಿಲ್ಲ. ಚಿಕ್ಕತ್ತೆ "ಆಯ್ತು" ಅಂದರು. ಓಣಿ ದಾಟುವ ತನಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಬೆರಳುಗಳ ಗುರುತು ಬೀಳುವಷ್ಟು ಗಟ್ಟಿಯಾಗಿ.

ಗಾಜಿನ ಮನೆಯೊಳಗೆ ಬಂದವರು ಗಿಡಗಳ ಕಡೆ ತಿರುಗಲೇ ಇಲ್ಲ. ಹಗ್ಗದ ಕೆಳಗೆ ನಿಂತು ಕತ್ತೆತ್ತಿದರು. ಫ್ಯಾನು ಬಂತು. ಅವರ ಕೂದಲಿಗೆ ತಾಗುವ ಹಾಗೆ ಆ ಸಣ್ಣ ಕಾಲುಗಳೆಲ್ಲ ಒಂದು ಹೆಜ್ಜೆ ಇಟ್ಟವು. ಒಂದನ್ನು ಹಿಡಿಯಲು ಚಿಕ್ಕತ್ತೆ ಕೈ ಎತ್ತಿದರು.

"ಮುಟ್ಬೇಡ" ಅಂದರು ದೊಡ್ಡತ್ತೆ. "ಸರ್ಕಾರದ್ದು."

"ಯಾವ ಸೋಪು ಹಾಕ್ದೆ?"

"ಬಾರ್ ಸೋಪು."

"ಉಲ್ಲನ್ನಿಗೆ ಬಾರ್ ಸೋಪು ಹಾಕ್ತಾರೇನೇ ಅಕ್ಕ? ನೋಡು ಹೇಗೆ ಸೆಟೆದು ನಿಂತಿದಾವೆ, ಒಳ್ಳೆ ಒಣಮೀನಿನ ಹಾಗೆ."

"ನಂಗೆ ಬಂದ ಹಾಗೆ ಒಗೆದೆ. ನೀನು ಬಂದು ಒಗೆದುಕೊಡ್ಬೇಕಿತ್ತು."

ನಾನು ಹೋಗಿ ರೇಡಿಯೋ ಹಾಕಲೋ ಬೇಡವೋ ಅಂತ ನೋಡಿದೆ. ದೊಡ್ಡತ್ತೆ ಬೇಡ ಅಂತ ತಲೆಯಾಡಿಸಿದರು.

"ತೂತು ಯಾಕೆ ಬಿಟ್ಟೆ?"

ಕ್ಲಿಪ್ಪುಗಳು ಟಕ್ ಟಕ್ ಅಂದವು, ಆ ತುದಿಯಿಂದ ಈ ತುದಿಯ ತನಕ, ಯಾರೋ ಬರಿಗಾಲಲ್ಲಿ ಸಿಮೆಂಟಿನ ಮೇಲೆ ಓಡಿ ಬಂದ ಹಾಗೆ.

"ಉಸಿರಾಡ್ಲಿ ಅಂತ" ಅಂದರು ಚಿಕ್ಕತ್ತೆ.

ಆಮೇಲೆ ಅವರು ನಿಂತ ಜಾಗದಲ್ಲೇ ನಿಂತು ಹೇಳಿದರು, ಅಕ್ಕನಿಗಲ್ಲ, ಹಗ್ಗಕ್ಕೆ ಹೇಳಿದ ಹಾಗೆ. ಮೊದಮೊದಲು ನಿಜವಾಗಿಯೂ ಗೊತ್ತಿರಲಿಲ್ಲ. ಮಕ್ಕಳ ಅಂಗಡಿಗೆ ಅಂತ ಆ ಪಾರ್ಸಲ್‌ನವನು ಆರ್ಡರ್ ಕೊಟ್ಟ. ಮನೆಯ ಮುಂದಿನ ಕೋಣೆಯಲ್ಲಿ ಡಬ್ಬ ಇಡುತ್ತೇನೆ ಅಂದ, ಒಬ್ಬಂಟಿ ಮನೆ, ಯಾರಾದರೂ ಬಂದು ಹೋಗುವುದು ಒಳ್ಳೆಯದೇ ಅನ್ನಿಸಿತು. ಒಂದು ದಿನ ಅವನು ಕೆಲವು ಕಾಲುಚೀಲ ವಾಪಸು ತಂದ. ಒಳಗೆ ಏನೋ ಕೊಳೆತಿತ್ತು. ಮುಂದಿನ ಸಲ ಹಿಮ್ಮಡಿಯಲ್ಲಿ ಸ್ವಲ್ಪ ಗಾಳಿ ಆಡುವ ಹಾಗೆ ಬಿಡಿ ಆಂಟಿ ಅಂದ.

"ಕಾಲು ಉಸಿರಾಡಲ್ಲ ಅಂತ ಗೊತ್ತಾಗಲ್ವಾ ನಂಗೆ. ಗೊತ್ತಾಯ್ತು. ಗೊತ್ತಾಗಿದ್ದನ್ನ ಮತ್ತೆ ಕೇಳೋಕೆ ಹೋಗ್ಲಿಲ್ಲ. ಎಷ್ಟು ದೊಡ್ಡ ತೂತು ಬಿಟ್ರೆ ಬದುಕ್ತಾವೆ, ಎಷ್ಟು ಬಿಟ್ರೆ ಒಣಗ್ತಾವೆ ಅಂತ ನಾನೇ ಯೋಚನೆ ಮಾಡಿ ಮಾಡಿ ಹೆಣೆದೆ."

ದೊಡ್ಡತ್ತೆ ಕೆಳಗಿನ ರ‍್ಯಾಕಿನಿಂದ ಒಂದು ಟ್ರೇ ಎಳೆದು ತೋರಿಸಿದರು. ಸತ್ತ ಗಿಡಗಳನ್ನೂ ಬಿಸಾಡುವ ಹಾಗಿಲ್ಲ. ಅವೂ ಆಸ್ತಿಯೇ. ಒಣಗಿದ ದ್ರಾಕ್ಷಿಯಂತೆ ಸುಕ್ಕುಗಟ್ಟಿದ ಉಂಡೆಗಳು, ಕುತ್ತಿಗೆಯಲ್ಲಿ ಚೀಟಿ ಹಾಗೇ ಇತ್ತು, ಪಕ್ಕದಲ್ಲಿ ಅವು ಬಂದಿದ್ದ ಕಾಲುಚೀಲಗಳು. ಆ ಚೀಲಗಳ ಹಿಮ್ಮಡಿ ಗಟ್ಟಿಯಾಗಿತ್ತು, ಒಂದು ಕುಣಿಕೆಯೂ ಬಿಟ್ಟಿರಲಿಲ್ಲ. ನನ್ನ ಅಜ್ಜಿ ಕಲಿಸಿದ ಹಾಗೆ.

"ಇವು ನೀನು ಮಕ್ಕಳ ಅಂಗಡಿಗೆ ಅಂತ ಹೆಣೆದಿದ್ದು" ಅಂದರು. "ಇದ್ರಲ್ಲಿ ಬಂದವು ಯಾವ್ದೂ ಉಳೀಲಿಲ್ಲ. ಕಿಟಕಿ ಬಿಟ್ಟಿದ್ರಲ್ಲಿ ಬಂದವು ಎಲ್ಲಾ ಬದುಕಿವೆ. ನಿನ್ನ ಬೈಬೇಕೋ ಏನು ಮಾಡ್ಬೇಕೋ ನಂಗೆ ಗೊತ್ತಾಗ್ತಿಲ್ಲ ಕಣೇ."

ಚಿಕ್ಕತ್ತೆ ಟ್ರೇಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಸಾಹೇಬ್ರಿಗೆ ಹೇಳಿದೀಯಾ?"

"ಕೇಳಿದ್ರು. ಅಮ್ಮನ ಕೈ ಅಂದೆ."

"ಅಮ್ಮನ ಮೇಲೆ ಹಾಕಿದ್ಯಾ?"

"ಇನ್ನೇನು ಮಾಡ್ಲಿ? ಅವಳ ಹತ್ರ ಮುಟ್ಟುಗೋಲು ಹಾಕೋಕೆ ಏನಿದೆ, ಒಂದು ಜೊತೆ ಸೂಜಿ."

ಚಿಕ್ಕತ್ತೆಗೆ ನಗು ಬಂತು. ಮೂಗಿನಿಂದ ಬಂದ ಕೆಟ್ಟ ನಗು, ತಡೆಯಲು ಹೋದಷ್ಟೂ ಹೆಚ್ಚಾಯಿತು. ದೊಡ್ಡತ್ತೆಗೂ ಹತ್ತಿತು. ಇಬ್ಬರೂ ಸತ್ತ ಗಿಡಗಳ ಟ್ರೇಯ ಆಚೆ ಈಚೆ ಕೂತು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ತಲೆಯ ಮೇಲೆ ಫ್ಯಾನಿನ ಗಾಳಿ ಇಲ್ಲದಾಗಲೂ ಒಂದು ಚೀಲ ಮಾತ್ರ ಸಣ್ಣಗೆ ತೂಗುತ್ತಿದ್ದದ್ದನ್ನು ನಾನು ನೋಡುತ್ತಿದ್ದೆ.

"ಆ ಅಜ್ಜಿ ನಂಗೆ ನೂಲು ಎತ್ತಿಡ್ತೀನಿ ಅಂದ್ಲು, ಇವತ್ತು" ಅಂದರು ಚಿಕ್ಕತ್ತೆ, ನಗು ನಿಂತ ಮೇಲೆ.

"ಹೂಂ."

"ಸಾಹೇಬ್ರು ಮತ್ತೆ ಯಾವಾಗ ಬರೋದು?"

"ಮುಂದಿನ ಗುರುವಾರ. ಕೈ ನೋಡಿ ಹೇಳೋರನ್ನ ಕರ್ಕೊಂಡು ಬರ್ತಾರಂತೆ."

"ಅವರಿಗ್ಯಾಕೆ ಸುಮ್ನೆ ತೊಂದರೆ. ನಾನೇ ಬರ್ತೀನಿ. ಸೂಜಿ, ನೂಲು ತರ್ತೀನಿ. ಅವರೆದುರಿಗೇ ಕೂತು ಒಂದು ಹೆಣೆದು ತೋರಿಸ್ತೀನಿ, ಕಿಟಕಿ ಬಿಟ್ಟು." ಚಿಕ್ಕತ್ತೆ ಎದ್ದು ಸೀರೆಯ ಧೂಳು ಕೊಡವಿಕೊಂಡರು. "ಗೊತ್ತಿರ್ಲಿಲ್ಲ ಅಂತ ಮಾತ್ರ ಹೇಳೋಕೆ ಆಗಲ್ಲ ಅಕ್ಕ. ಆ ತೂತು ನೋಡಿದೋರು ಯಾರೂ ನಂಬಲ್ಲ."

"ಮನೆ ಹೋಗುತ್ತೆ ಕಣೇ."

"ಗೊತ್ತು."

"ನಿನ್ನ ಗಂಡ ಕಟ್ಟಿದ ಮನೆ."

"ಗೊತ್ತು ಅಂದ್ನಲ್ಲ." ಚಿಕ್ಕತ್ತೆ ಗಾಜಿನ ಕಡೆ ಮುಖ ಮಾಡಿದರು. ಹೊರಗೆ ಟೈರಿಲ್ಲದ ವ್ಯಾನಿನ ಮೇಲೆ ಬಿಸಿಲು ಇಳಿಯುತ್ತಿತ್ತು. "ನಿನ್ನ ರೂಮಲ್ಲಿ ಕಿಟಕಿ ಯಾವ ಕಡೆ ಇದೆ?"

"ಪಕ್ಕದ ಮನೆ ಗೋಡೆ ಕಡೆ."

"ಥೂ. ಹೆಣೆಯೋಕೆ ಬೆಳಕು ಬೇಡ್ವಾ?"

"ಬಲ್ಬ್ ಹಾಕಿಸ್ತೀನಿ ಬಿಡು."

ಆಗಲೇ ನಾನು ಅದನ್ನು ನೋಡಿದ್ದು. ಬೆಳಕು ಕಡಿಮೆಯಾಗುತ್ತಿದ್ದ ಹಾಗೆ ರ‍್ಯಾಕಿನ ಮೇಲೆ, ಒಂದು ಕಲ್ಲಿನ ಸೀಳಿನಿಂದ ಬಿಳಿಯದೇನೋ ಹೊರಗಿಣುಕಿ, ನಾನು ನೋಡುತ್ತಿದ್ದಂತೆಯೇ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಪಕ್ಕದ್ದೂ. ಅದರ ಪಕ್ಕದ್ದೂ. ಇದು ಇಲ್ಲಿ ಹೂವಿನ ಕಾಲವೇ ಅಲ್ಲ, ಅವುಗಳ ಊರಿನಲ್ಲಿ ಈಗ ಹೂವಿನ ಕಾಲ, ಎಷ್ಟು ದಿನವಾದರೂ ಅವಕ್ಕೆ ಅಲ್ಲಿಯದೇ ಲೆಕ್ಕ, ಅಂತ ದೊಡ್ಡತ್ತೆ ಪಿಸುಗುಟ್ಟಿದರು. ಚಿಕ್ಕತ್ತೆ ಕೊನೆಗೂ ಆ ಕಡೆ ತಿರುಗಿದರು. ಹತ್ತಿರ ಹೋಗಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ವಾಸನೇನೂ ಇದೆ" ಅಂದರು. ಅಷ್ಟೇ.

ಹೊರಡುವಾಗ ದೊಡ್ಡತ್ತೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. ಚಿಕ್ಕತ್ತೆ ಆಗಲೇ ಅಂಗಳದಲ್ಲಿ ವ್ಯಾನಿನ ಪಕ್ಕ ನಿಂತು, ಅದರ ಕಿಟಕಿಯಿಂದ ಒಳಗೆ ನೋಡುತ್ತಿದ್ದರು.

"ಮುಂದಿನ ಗುರುವಾರ ಬೆಳಗಿನ ಕ್ಲಾಸ್ ಬಿಟ್ಟು ಬೇಗ ಬಾ. ಮೊದಲು ಅವಳ ಮನೆಗೆ ಹೋಗು, ಜೊತೇಲೇ ಕರ್ಕೊಂಡು ಬಾ. ಓಣಿ ದಾರೀಲೇ ಬನ್ನಿ."

"ಅವರೇ ಬರ್ತೀನಿ ಅಂದ್ರಲ್ಲ."

"ಬರ್ತಾಳೆ. ಆದ್ರೆ ಒಬ್ಬಳೇ ಹೊರಟ್ರೆ, ಆ ಸ್ಟಾಪ್ ಅಂತ ಬರೆದಿರೋ ಹೊಸಿಲ ಹತ್ರ ನಿಂತುಬಿ‍ಡ್ತಾಳೆ. ನೀನು ಕೈ ಹಿಡ್ಕೊ."

ಆಯಿತು ಅಂದೆ. ಅವರು ಬಾಗಿಲು ಹಾಕಿಕೊಂಡರು. ಅಂಗಳ ದಾಟುವಾಗ ಕಿವಿಗೊಟ್ಟೆ. ರೇಡಿಯೋ ಸದ್ದು ಬರಲಿಲ್ಲ. ಗಾಜಿನ ಆಚೆ ಕ್ಲಿಪ್ಪುಗಳು ಟಕ್ ಟಕ್ ಅನ್ನುತ್ತಿದ್ದವು, ದೊಡ್ಡತ್ತೆ ಅದರ ಕೆಳಗೇ ಸ್ಟೂಲು ಹಾಕಿಕೊಂಡು ಕೂತದ್ದು ಕಾಣಿಸುತ್ತಿತ್ತು.